ಆಫೀಸಿನ ವೈಫೈಯಲ್ಲಿ ಕಳ್ಳ ಪೆಟ್ಟಿಗೆ: ಗುರುತಿಸುವುದು ಹೇಗೆ?



ಹೋದ ಸಭೆ ಮುಗಿದು ಚಹಾ ಕುಡಿಯುವಾಗ ಗದ್ವಾಲದ ಸದಸ್ಯರೊಬ್ಬರು ತಮ್ಮ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ಚಿತ್ರವೊಂದನ್ನು ತೋರಿಸಿದರು. ಅವರ ಸೀರೆ ಅಂಗಡಿಯ ವೈಫೈ ಹೆಸರು ಪಟ್ಟಿಯಲ್ಲಿ ಎರಡು ಸಲ ಕಾಣುತ್ತಿತ್ತು. ಒಂದಕ್ಕೆ ಬೀಗದ ಗುರುತಿತ್ತು, ಇನ್ನೊಂದಕ್ಕೆ ಇರಲಿಲ್ಲ. "ಇದೇನು ಸೆಕ್ರೆಟರಿಯವರೇ, ಒಂದೇ ಅಂಗಡಿಗೆ ಎರಡು ಬಾಗಿಲು?" ಎಂದು ಕೇಳಿದರು. ಅಲ್ಲೇ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಪುಟದಲ್ಲಿ ಬರೆಯುತ್ತೇನೆ ಎಂದು ಹೇಳಿ ಬಂದೆ. ಆ ಮಾತಿನಂತೆ ಈ ಲೇಖನ.

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಮನೆಗಳ ಮಕ್ಕಳು ಅನೇಕರು ಹೈದರಾಬಾದ್, ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿದ್ದಾರೆ. ಇಲ್ಲೇ ಉಳಿದವರಲ್ಲಿ ಕೆಲವರು ಹತ್ತಿ ಬೀಜದ ವ್ಯವಹಾರ, ಅಕ್ಕಿ ಗಿರಣಿ, ಸೀರೆ ಅಂಗಡಿ, ಶಾಲೆ, ಸಹಕಾರ ಸಂಘ ಎಂದು ನಡೆಸುತ್ತಿದ್ದಾರೆ. ಎಲ್ಲ ಕಡೆಯೂ ಈಗ ಲೆಕ್ಕಪತ್ರ ವೈಫೈ ಮೇಲೆಯೇ ಓಡುತ್ತದೆ. ಆದ್ದರಿಂದ ಇದು ಕಂಪ್ಯೂಟರ್ ಓದಿದವರಿಗೆ ಮಾತ್ರ ಸೇರಿದ ವಿಷಯ ಎಂದು ಬಿಡುವಂತಿಲ್ಲ.

ಮೊದಲು ನನ್ನ ತಪ್ಪು

ನಾನು ಕಂಪ್ಯೂಟರ್ ಪಂಡಿತನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಗುಮಾಸ್ತನ ಕೆಲಸ ಮಾಡಿ ನಿವೃತ್ತನಾದವನು. ಈ ವಿಷಯ ನನಗೆ ತಿಳಿದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಆಫೀಸಿನ ಹೆಸರು ಬೇಡ.

ನಮ್ಮ ಸೆಕ್ಷನ್ ಕಟ್ಟಡದ ಮೂಲೆಯಲ್ಲಿತ್ತು. ಆಫೀಸಿನ ವೈಫೈ ಅಲ್ಲಿಗೆ ತಲುಪುತ್ತಿರಲಿಲ್ಲ. ಹೇಳಿ ಹೇಳಿ ಸಾಕಾಗಿ, ನನ್ನದೇ ದುಡ್ಡಿನಲ್ಲಿ ಅಂಗಡಿಯಿಂದ ಒಂದು ರೌಟರ್ ತಂದು, ಬೀರುವಿನ ಹಿಂದೆ ಗೋಡೆಯಲ್ಲಿದ್ದ ನೆಟ್‌ವರ್ಕ್ ಸಾಕೆಟ್ಟಿಗೆ ಸಿಕ್ಕಿಸಿದೆ. ಪಾಸ್‌ವರ್ಡ್ ಎಲ್ಲರಿಗೂ ನೆನಪಿರಲಿ ಎಂದು ಒಂದರಿಂದ ಎಂಟರವರೆಗೆ ಅಂಕೆ ಇಟ್ಟೆ. ಸೆಕ್ಷನ್ನಿನವರೆಲ್ಲ ಬೆನ್ನು ತಟ್ಟಿದರು. ದಾಸ್ತಾನು ರಿಜಿಸ್ಟರ್ ಇಡುತ್ತಿದ್ದವನೂ ನಾನೇ. ಕುರ್ಚಿ, ಗಡಿಯಾರ, ಸ್ಟೇಪ್ಲರ್ ಸಮೇತ ಎಲ್ಲವನ್ನೂ ಅದರಲ್ಲಿ ಏರಿಸುತ್ತಿದ್ದೆ. ಈ ರೌಟರನ್ನು ಮಾತ್ರ ಏರಿಸಲಿಲ್ಲ. ಸ್ವಂತ ದುಡ್ಡಿನದು, ಸರ್ಕಾರಿ ಸಾಮಾನಲ್ಲ ಎಂಬುದು ನನ್ನ ಲೆಕ್ಕ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ದಿನ, ಸಂಬಳದ ಬಿಲ್ ಕಳಿಸಬೇಕಾದ ದಿನವೇ, ಅರ್ಧ ಆಫೀಸಿನ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಸಿಗದಾಯಿತು. ಸ್ವಚ್ಛ ಮಾಡುವಾಗ ಯಾರೋ ರೌಟರಿನ ತಂತಿ ಕಿತ್ತು, ಮತ್ತೆ ಬೇರೆ ತೂತಿಗೆ ಹಾಕಿದ್ದರು. ಅಲ್ಲಿಂದ ನನ್ನ ರೌಟರು ಆಫೀಸಿನ ಕಂಪ್ಯೂಟರುಗಳಿಗೆಲ್ಲ ತಪ್ಪು ವಿಳಾಸ ಹಂಚಲು ಶುರು ಮಾಡಿತ್ತು. ಹುಡುಕಲು ಬಂದ ಟೆಕ್ನಿಷಿಯನ್ ಹುಡುಗ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಈ ಕಟ್ಟಡದಲ್ಲಿ ವೈಫೈ ಪೆಟ್ಟಿಗೆ ಒಟ್ಟು ಎಷ್ಟಿವೆ ಸರ್?" ರಿಜಿಸ್ಟರ್ ನನ್ನ ಕೈಯಲ್ಲೇ ಇತ್ತು. ಉತ್ತರ ಅದರಲ್ಲಿರಲಿಲ್ಲ.

ಒಂದೂವರೆ ದಿನ ಹುಡುಕಿ ಬೀರುವಿನ ಹಿಂದೆ ಪೆಟ್ಟಿಗೆ ಕಂಡಾಗ ಇನ್ನೊಂದು ಸಂಗತಿ ಹೊರಬಿತ್ತು. ಎದುರಿನ ಚಹಾ ಹೋಟೆಲಿಗೆ ಬರುವ ಹುಡುಗರು ತಿಂಗಳುಗಳಿಂದ ಆ ವೈಫೈ ಬಳಸುತ್ತಿದ್ದರು. ಪಿಂಚಣಿದಾರರ ಬ್ಯಾಂಕ್ ಖಾತೆ ನಂಬರುಗಳಿದ್ದ ಫೋಲ್ಡರ್ ಅದೇ ನೆಟ್‌ವರ್ಕಿನಲ್ಲಿ, ಬೀಗವಿಲ್ಲದೆ ಇತ್ತು. ಯಾರೂ ಅದನ್ನು ಮುಟ್ಟಿದ ಕುರುಹು ಸಿಗಲಿಲ್ಲ. ಅದು ನನ್ನ ಜಾಣತನವಲ್ಲ, ಆ ಹುಡುಗರ ಒಳ್ಳೆಯತನ. ಆವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಆ ಪಟ್ಟಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರ ಹೆಸರುಗಳಿದ್ದವು.

ಹೆಸರು ಬೋರ್ಡು ಮಾತ್ರ, ಗುರುತಿನ ಚೀಟಿಯಲ್ಲ

ವೈಫೈ ಹಂಚುವ ಪೆಟ್ಟಿಗೆಗೆ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಆಫೀಸಿನ ಅನುಮತಿಯಿಲ್ಲದೆ ಆಫೀಸಿನ ನೆಟ್‌ವರ್ಕಿಗೆ ಸೇರಿಕೊಂಡ ಪೆಟ್ಟಿಗೆ, ಅಥವಾ ಆಫೀಸಿನದೇ ಎಂದು ವೇಷ ಹಾಕಿ ನಿಂತ ಪೆಟ್ಟಿಗೆ, ಇವನ್ನು ರೋಗ್ ಆಕ್ಸೆಸ್ ಪಾಯಿಂಟ್ ಎಂದು ಕರೆಯುವುದು ವಾಡಿಕೆ. ನಮ್ಮ ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಪುಂಡ, ಠಕ್ಕ ಎಂದು ಅರ್ಥ. ಈ ಲೇಖನದಲ್ಲಿ ಕಳ್ಳ ಪೆಟ್ಟಿಗೆ ಎಂದೇ ಕರೆಯುತ್ತೇನೆ.

ಪ್ರತಿ ಪೆಟ್ಟಿಗೆಯೂ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರನ್ನು ಗಾಳಿಯಲ್ಲಿ ಕೂಗಿ ಹೇಳುತ್ತಿರುತ್ತದೆ. ನಮ್ಮ ಫೋನಿನ ಪಟ್ಟಿಯಲ್ಲಿ ಕಾಣುವುದು ಆ ಹೆಸರು. ಅದರ ಜೊತೆಗೆ 12 ಅಂಕೆ-ಅಕ್ಷರಗಳ ಒಂದು ಯಂತ್ರ ಸಂಖ್ಯೆಯೂ ಹೋಗುತ್ತದೆ, ಅದು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ಮೊದಲ ಆರು ಅಂಕೆ-ಅಕ್ಷರಗಳಿಂದ ಬಹುಮಟ್ಟಿಗೆ ಯಾವ ಕಂಪನಿ ತಯಾರಿಸಿದ ಪೆಟ್ಟಿಗೆ ಎಂದು ತಿಳಿಯುತ್ತದೆ.

ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಯಾವ ಪರವಾನಗಿಯೂ ಬೇಡ. ನಾನು ಮನೆಯ ರೌಟರಿಗೆ ಬ್ಯಾಂಕಿನ ಹೆಸರಿಟ್ಟರೆ ತಡೆಯುವ ಯಂತ್ರವಿಲ್ಲ. ಅಂಗಡಿಯ ಬೋರ್ಡು ಯಾರು ಬೇಕಾದರೂ ಬರೆಸಬಹುದು, ಹಾಗೆಯೇ ಇದು.

ಫೋನಾದರೋ ಬೋರ್ಡು ನೋಡಿ ಒಳಗೆ ಹೋಗುವ ಸ್ವಭಾವದ್ದು. ಮಕ್ತಲ್‌ನಿಂದ ರಾಯಚೂರಿಗೆ ಹೊರಟವರಿಗೆ ಗೊತ್ತು, ದೇವಸೂಗೂರಿನ ಬಳಿ ಕೃಷ್ಣೆಯ ಸೇತುವೆ ದಾಟುವ ಹೊತ್ತಿಗೆ ಫೋನು ನಮ್ಮನ್ನು ಕೇಳದೆಯೇ ಆ ಕಡೆಯ ಟವರ್ ಹಿಡಿಯುತ್ತದೆ. ವೈಫೈ ಕೂಡ ಹಾಗೆಯೇ. ಒಮ್ಮೆ ಸೇರಿದ ಹೆಸರನ್ನು ಫೋನು ನೆನಪಿಟ್ಟುಕೊಂಡು, ಅದೇ ಹೆಸರು ಇನ್ನೆಲ್ಲಾದರೂ ಕೇಳಿಸಿದರೆ ತಾನೇ ಸೇರಲು ಹೋಗುತ್ತದೆ. ಒಂದೇ ಹೆಸರಿನ ಎರಡು ಪೆಟ್ಟಿಗೆ ಇದ್ದರೆ ಸಾಮಾನ್ಯವಾಗಿ ಸಿಗ್ನಲ್ ಜೋರಾಗಿರುವುದಕ್ಕೆ ಅಂಟುತ್ತದೆ. ಕಳ್ಳನಿಗೆ ಬೇಕಾದದ್ದೂ ಅಷ್ಟೇ.

ಪಾಸ್‌ವರ್ಡ್ ಇರುವ ವೈಫೈಗೆ ಒಂದು ರಕ್ಷಣೆ ಇದೆ. ಪಾಸ್‌ವರ್ಡ್ ಗೊತ್ತಿಲ್ಲದ ಪೆಟ್ಟಿಗೆ ಬರಿ ಹೆಸರು ನಕಲು ಮಾಡಿದರೆ ಸಂಪರ್ಕ ಪೂರ್ತಿಯಾಗುವುದಿಲ್ಲ. ಆದರೆ ಒಂದೇ ಪಾಸ್‌ವರ್ಡನ್ನು ಐವತ್ತು ಜನಕ್ಕೆ ಹೇಳಿ, ಗೋಡೆಗೆ ಚೀಟಿ ಅಂಟಿಸಿದ ಆಫೀಸಿನಲ್ಲಿ ಆ ರಕ್ಷಣೆ ಎಷ್ಟು ಉಳಿಯುತ್ತದೆ ಎಂಬುದನ್ನು ನೀವೇ ಯೋಚಿಸಿ.

ಪೆಟ್ಟಿಗೆಗಳಲ್ಲಿ ನಾಲ್ಕು ಬಗೆ

ಅನುಮಾನದ ಹೆಸರು ಕಂಡ ಕೂಡಲೇ ಕಳ್ಳ ಎಂದು ಕೂಗಬಾರದು. ಮೊದಲು ಬಗೆ ತಿಳಿಯಬೇಕು.

1. ಅಕ್ಕಪಕ್ಕದವರ ಪೆಟ್ಟಿಗೆ. ಪಕ್ಕದ ಅಂಗಡಿ, ಮೇಲಿನ ಮನೆ, ಎದುರಿನ ಬ್ಯಾಂಕಿನದು. ನಮ್ಮ ತಂತಿಗೂ ಅದಕ್ಕೂ ಸಂಬಂಧವಿಲ್ಲ. ಇದು ಕಳ್ಳ ಪೆಟ್ಟಿಗೆಯಲ್ಲ, ಅದರ ತಂಟೆಗೆ ಹೋಗಬಾರದು.

2. ಮನೆಯವರೇ ತಂದ ಪೆಟ್ಟಿಗೆ. ನಾನು ತಂದಂಥದ್ದು. ದುರುದ್ದೇಶವಿಲ್ಲ, ಆದರೆ ಆಫೀಸಿನ ಗಟ್ಟಿ ಬಾಗಿಲಿನ ಪಕ್ಕದಲ್ಲೇ ಗೋಡೆ ಕೊರೆದಂತೆ. ಲ್ಯಾಪ್‌ಟಾಪನ್ನು ತಂತಿಗೆ ಸೇರಿಸಿ ಅದರಿಂದಲೇ ಹಾಟ್‌ಸ್ಪಾಟ್ ಹಚ್ಚುವುದೂ ಇದೇ ಬಗೆ.

3. ಹೊರಗಿನವರು ತಂದು ತಂತಿಗೆ ಸೇರಿಸಿದ ಪೆಟ್ಟಿಗೆ. ರಿಪೇರಿಗೆ ಬಂದವರಂತೆ ಬಂದು ಮೀಟಿಂಗ್ ರೂಮಿನ ಸಾಕೆಟ್ಟಿಗೆ, ಪ್ರಿಂಟರಿನ ಹಿಂದೆ ಅಂಗೈಯಗಲದ ಸಾಧನ ಬಿಟ್ಟು ಹೋಗುವುದು. ಆಮೇಲೆ ರಸ್ತೆಯಲ್ಲಿ ಕಾರಿನಲ್ಲಿ ಕೂತೇ ಆಫೀಸಿನೊಳಗೆ ಇಣುಕಬಹುದು.

4. ಜೋಡಿ ವೇಷದ ಪೆಟ್ಟಿಗೆ. ಇಂಗ್ಲಿಷಿನಲ್ಲಿ ಈವಿಲ್ ಟ್ವಿನ್, ಅಂದರೆ ಕೇಡಿನ ಅವಳಿ. ಇದು ಆಫೀಸಿನ ತಂತಿಗೆ ಸೇರಿರುವುದಿಲ್ಲ. ಆಫೀಸಿನದೇ ಹೆಸರು ಕೂಗುತ್ತ ಹೊರಗೆ ಕೂತು, ನಮ್ಮ ಫೋನು, ಲ್ಯಾಪ್‌ಟಾಪುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬೇಕಾದದ್ದು ನಮ್ಮ ಪಾಸ್‌ವರ್ಡ್.

ಎರಡನೆಯದು, ಮೂರನೆಯದು ಸಿಗುವುದು ತಂತಿ ಹಿಡಿದು ಹುಡುಕಿದರೆ. ನಾಲ್ಕನೆಯದು ತಂತಿಯಲ್ಲಿ ಎಂದೂ ಸಿಗುವುದಿಲ್ಲ, ಅದನ್ನು ಗಾಳಿಯಲ್ಲೇ ಹುಡುಕಬೇಕು. ಒಂದೇ ವಿಧಾನ ನೆಚ್ಚಿಕೊಂಡವರು ಇಲ್ಲಿಯೇ ಸೋಲುವುದು.

ಇದು ಬರಿ ಹೆದರಿಕೆಯ ಮಾತೇ?

ಅಲ್ಲ. ಎಲ್ಲರಿಗೂ ತಿಳಿದಿರುವ ಕೆಲವು ಪ್ರಕರಣ ಹೇಳುತ್ತೇನೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆ ಇ-ಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಸಾನ್ಪಾಡಾದಲ್ಲಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ಬೀಗವಿಲ್ಲದ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ಬಾಗಿಲು ತೆರೆದಿಟ್ಟವನ ಮನೆಗೇ ಮೊದಲು ಪೊಲೀಸರು ಬರುತ್ತಾರೆ ಎಂಬುದು ಇದರ ಪಾಠ.

ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸಮೂಹದ ನೆಟ್‌ವರ್ಕಿನೊಳಕ್ಕೆ 2005ರಲ್ಲಿ ಕಳ್ಳರು ನುಗ್ಗಿದ್ದು ಒಂದು ಅಂಗಡಿಯ ದುರ್ಬಲ ವೈಫೈ ಮೂಲಕ. 2007ರಲ್ಲಿ ಸುದ್ದಿ ಹೊರಬಂದಾಗ 4.5 ಕೋಟಿಗೂ ಹೆಚ್ಚು ಕಾರ್ಡುಗಳ ವಿವರ ಹೋಗಿತ್ತು. ಕಾರ್ಡ್ ವ್ಯವಹಾರ ನಡೆಸುವವರು ಪಾಲಿಸಬೇಕಾದ ಪಿಸಿಐ ನಿಯಮಗಳಲ್ಲಿ, ಅನುಮತಿಯಿಲ್ಲದ ವೈಫೈ ಪೆಟ್ಟಿಗೆ ಇದೆಯೇ ಎಂದು ಕನಿಷ್ಠ ಮೂರು ತಿಂಗಳಿಗೊಮ್ಮೆ ಹುಡುಕಬೇಕು ಎಂಬ ವಿಧಿ ಇದೆ.

2018ರ ಏಪ್ರಿಲ್ 13ರಂದು ನೆದರ್‌ಲೆಂಡ್ಸಿನ ಹೇಗ್ ನಗರದಲ್ಲಿ, ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಕಟ್ಟಡದ ಪಕ್ಕದ ಹೋಟೆಲಿನಲ್ಲಿ ನಿಲ್ಲಿಸಿದ್ದ ಕಾರೊಂದನ್ನು ಅಲ್ಲಿನ ಗುಪ್ತಚರರು ಹಿಡಿದರು. ಡಿಕ್ಕಿಯಲ್ಲಿ ಕೋಟಿನ ಕೆಳಗೆ ಸಂಸ್ಥೆಯ ಕಡೆ ಮುಖ ಮಾಡಿದ್ದ ವೈಫೈ ಆಂಟೆನಾ ಇತ್ತು. ಬಂದಿದ್ದ ನಾಲ್ವರೂ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯವರು ಎಂದು ಆ ಸರ್ಕಾರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಪಾಸ್‌ವರ್ಡ್ ಕದಿಯಲು ಜನ ದೇಶ ದಾಟಿ ಬಂದು ಕಾರ್ ನಿಲ್ಲಿಸುತ್ತಾರೆ.

2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲಿ ಮತ್ತು ವಿಮಾನಗಳಲ್ಲಿ ಜೋಡಿ ವೇಷದ ವೈಫೈ ನಡೆಸಿದ ಆರೋಪದ ಮೇಲೆ ಒಬ್ಬನನ್ನು ಹಿಡಿದರು. ಸೇರಿದವರಿಗೆ ಒಂದು ಪುಟ ತೆರೆದು ಇ-ಮೇಲ್, ಸೋಷಿಯಲ್ ಮೀಡಿಯಾ ಪಾಸ್‌ವರ್ಡ್ ಕೇಳುತ್ತಿತ್ತು. ಇದು ಬೆಳಕಿಗೆ ಬಂದದ್ದು ವಿಮಾನದ ಸಿಬ್ಬಂದಿಗೆ ಪಟ್ಟಿಯಲ್ಲಿದ್ದ ವೈಫೈ ಹೆಸರೊಂದರ ಮೇಲೆ ಅನುಮಾನ ಬಂದದ್ದರಿಂದ. ದೊಡ್ಡ ಯಂತ್ರವಲ್ಲ, ಎಚ್ಚರ ಇದ್ದ ಕಣ್ಣು ಹಿಡಿದುಕೊಟ್ಟಿತು.

ಈ ವಿದ್ಯೆಯಲ್ಲಿ ನಮ್ಮವರ ಪಾಲೂ ಇದೆ. ಕಳ್ಳ ಪೆಟ್ಟಿಗೆ ಪತ್ತೆ ಹಚ್ಚುವ ಸಾಧನ ತಯಾರಿಸುತ್ತಿದ್ದ ಪುಣೆಯ ಏರ್‌ಟೈಟ್ ನೆಟ್‌ವರ್ಕ್ಸ್ ಸಂಸ್ಥೆಯ ಇಬ್ಬರು 2007ರಲ್ಲಿ ಒಂದು ದೋಷ ತೋರಿಸಿಕೊಟ್ಟರು. ಕಾಫಿ ಅಂಗಡಿಯಲ್ಲಿ ಸುಮ್ಮನೆ ಕೂತ ಲ್ಯಾಪ್‌ಟಾಪಿನ ಎದುರು ವೇಷದ ಪೆಟ್ಟಿಗೆ ಇಟ್ಟರೆ, ದೂರದ ಆಫೀಸಿನ ಡಬ್ಲ್ಯುಇಪಿ ಕೀಲಿಯನ್ನು ಅಲ್ಲಿಯೇ ತೆಗೆಯಬಹುದು ಎಂಬುದು. ಅದಕ್ಕೆ 'ಕಫೆ ಲಾಟೆ' ಎಂದು ಹೆಸರಿಟ್ಟರು. ಹಳೆಯ ಡಬ್ಲ್ಯುಇಪಿ ಬೀಗವನ್ನು ಇವತ್ತಿಗೂ ಯಾವುದಾದರೂ ಗೋದಾಮಿನಲ್ಲಿ ಬಳಸುತ್ತಿದ್ದರೆ ಮೊದಲು ಅದನ್ನು ತೆಗೆಸಿ.

ಕೆಲಸಗಾರರ ಕಣ್ಣಿಗೆ ಬೀಳುವ ಗುರುತುಗಳು

ಇವು ಯಾವ ಆಪ್ ಇಲ್ಲದೆ, ಯಾರಿಗಾದರೂ ಕಾಣುವಂಥವು.

ಬೀಗದ ವ್ಯತ್ಯಾಸ. ಒಂದೇ ಹೆಸರು ಎರಡು ಸಲ, ಒಂದಕ್ಕೆ ಬೀಗ, ಒಂದಕ್ಕಿಲ್ಲ. ಫೋನುಗಳು ಒಂದೇ ಹೆಸರು, ಒಂದೇ ಬಗೆಯ ಬೀಗ ಇರುವ ಪೆಟ್ಟಿಗೆಗಳನ್ನು ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ತೋರಿಸುತ್ತವೆ. ಎರಡು ಸಾಲು ಕಂಡರೆ ಬೀಗದಲ್ಲಿ ವ್ಯತ್ಯಾಸ ಇರಬಹುದು ಎಂದು ಅರ್ಥ.

ಕಾಗುಣಿತ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು, ಅಡ್ಡಗೆರೆ, ಕೊನೆಗೆ 'ಫ್ರೀ', 'ಗೆಸ್ಟ್', 'ನ್ಯೂ' ಎಂಬ ಬಾಲ.

ಕೇಳಬಾರದ್ದನ್ನು ಕೇಳುವುದು. ವರ್ಷದಿಂದ ತಾನೇ ಸೇರುತ್ತಿದ್ದ ಆಫೀಸ್ ವೈಫೈ ಇದ್ದಕ್ಕಿದ್ದಂತೆ ಒಂದು ಪುಟ ತೆರೆದು ಇ-ಮೇಲ್ ಪಾಸ್‌ವರ್ಡ್ ಕೇಳಿದರೆ ಕೈ ಹಿಂದಕ್ಕೆ ತೆಗೆಯಿರಿ.

ಸರ್ಟಿಫಿಕೇಟ್ ಎಚ್ಚರಿಕೆ. ದೊಡ್ಡ ಕಂಪನಿಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಇರುತ್ತದೆ. ಅಲ್ಲಿ ಸರ್ವರ್ ತನ್ನ ಗುರುತಿನ ಚೀಟಿ ತೋರಿಸಬೇಕು, ಅದಕ್ಕೆ ಸರ್ಟಿಫಿಕೇಟ್ ಎನ್ನುತ್ತಾರೆ. 'ಈ ಸರ್ಟಿಫಿಕೇಟ್ ನಂಬಬಹುದೇ?' ಎಂಬ ಪ್ರಶ್ನೆ ಹೊಸದಾಗಿ ಬಂದರೆ 'ಹೌದು' ಒತ್ತಬೇಡಿ. ಹೈದರಾಬಾದ್, ಬೆಂಗಳೂರಿನಲ್ಲಿರುವ ಮಕ್ಕಳಿಗೆ ಈ ಒಂದು ಸಾಲನ್ನಾದರೂ ಓದಿ ಹೇಳಿ. ಇಂಥ ಕಡೆ ಬಹಳವಾಗಿ ಬಳಸುವ ಎಂಎಸ್-ಚಾಪ್ ಎರಡನೇ ಆವೃತ್ತಿ ಎಂಬ ವಿಧಾನವನ್ನು ಪೂರ್ತಿ ಒಡೆಯಬಹುದೆಂದು 2012ರಲ್ಲೇ ತೋರಿಸಿದ್ದಾರೆ. ಅಂದರೆ ವೇಷದ ಪೆಟ್ಟಿಗೆಗೆ ನಮ್ಮ ಲಾಗಿನ್ ಕೊಟ್ಟರೆ ಪಾಸ್‌ವರ್ಡೇ ಹೋದಂತೆ.

ಪದೇ ಪದೇ ಕಡಿದು ಹೋಗುವುದು. ಹಳೆಯ ವೈಫೈಯಲ್ಲಿ 'ಸಂಪರ್ಕ ಬಿಡು' ಎಂಬ ಸಂದೇಶವನ್ನು ಯಾರು ಬೇಕಾದರೂ ಪೆಟ್ಟಿಗೆಯ ಹೆಸರಿನಲ್ಲಿ ಕಳಿಸಬಹುದಿತ್ತು. ಕಳ್ಳ ಹೀಗೆ ಎಲ್ಲರನ್ನೂ ಬಿಡಿಸಿ ತನ್ನ ಕಡೆ ಸೇರಿಸಿಕೊಳ್ಳುತ್ತಾನೆ. ಒಂದೇ ಹೊತ್ತಿಗೆ ಹಲವರ ಸಂಪರ್ಕ ಮತ್ತೆ ಮತ್ತೆ ಕಡಿದು, ಆಮೇಲೆ ಇದ್ದಕ್ಕಿದ್ದಂತೆ ಸಿಗ್ನಲ್ ಜೋರಾದರೆ ತಿಳಿಸಬೇಕು. ಇಂಟರ್‌ನೆಟ್ ಕಂಪನಿಯ ತೊಂದರೆಯಿಂದಲೂ ಕಡಿಯುತ್ತದೆ, ಇದೊಂದೇ ಗುರುತು ಸಾಲದು.

ಇಂಟರ್‌ನೆಟ್ ಇದೆ, ಆಫೀಸು ಇಲ್ಲ. ವೈಫೈ ಸೇರಿದೆ, ಹೊರಗಿನ ಪುಟಗಳು ತೆರೆಯುತ್ತವೆ, ಆದರೆ ಆಫೀಸಿನ ಪ್ರಿಂಟರ್, ಒಳಗಿನ ಫೋಲ್ಡರ್ ಕಾಣುವುದಿಲ್ಲ. ಜೋಡಿ ವೇಷದ ಪೆಟ್ಟಿಗೆ ಆಫೀಸಿನ ತಂತಿಯಲ್ಲಿಲ್ಲದ್ದರಿಂದ ಹೀಗಾಗುತ್ತದೆ.

ಇರಬಾರದ ಜಾಗದಲ್ಲಿ ಕಾಣುವುದು. ಆಫೀಸಿನ ವೈಫೈ ಹೆಸರು ಬಸ್ಸಿನಲ್ಲಿ, ಕೃಷ್ಣಾ ಸ್ಟೇಷನ್ನಿನಲ್ಲಿ, ಮದುವೆ ಮನೆಯಲ್ಲಿ ಕಂಡರೆ ಅದು ಆಫೀಸಿನದಾಗಲು ಹೇಗೆ ಸಾಧ್ಯ? ಫೋನು ನೆನಪಿನಲ್ಲಿಟ್ಟುಕೊಂಡ ಹೆಸರನ್ನು ತಾನೇ ಕೇಳಿಕೊಂಡು ಹೋದಾಗ 'ನಾನೇ ಅದು' ಎಂದು ಹೇಳುವ ಸಾಧನಗಳೂ ಇವೆ. ಬಳಸದ ಹಳೆಯ ಹೆಸರುಗಳನ್ನು ಫೋನಿನಿಂದ ತೆಗೆದುಹಾಕಿ, ಮುಖ್ಯವಾಗಿ ಬೀಗವಿಲ್ಲದವನ್ನು.

ರೇಲ್ವೆ ನಿಲ್ದಾಣಗಳ ರೈಲ್‌ವೈರ್ ವೈಫೈ ಬಗ್ಗೆ ಅನೇಕರು ಕೇಳುತ್ತಾರೆ. ರೈಲ್‌ಟೆಲ್ ಸಂಸ್ಥೆ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಶುರು ಮಾಡಿದ ವ್ಯವಸ್ಥೆ ಅದು. ಅಲ್ಲಿ ಕೇಳುವುದು ಮೊಬೈಲ್ ನಂಬರ್, ಬಂದ ಒಟಿಪಿ. ಅದೇ ಹೆಸರಿನಲ್ಲಿ ಇ-ಮೇಲ್ ಪಾಸ್‌ವರ್ಡೋ ಬ್ಯಾಂಕ್ ವಿವರವೋ ಕೇಳಿದರೆ ಅದು ವೇಷ. ಆಫೀಸಿನ ಕೆಲಸವನ್ನು ಅಲ್ಲಿ ಮಾಡದಿರುವುದೇ ಒಳ್ಳೆಯದು, ನಿಮ್ಮದೇ ಮೊಬೈಲ್ ಡೇಟಾ ಬಳಸಿ.

ಆಫೀಸು ನಡೆಸುವವರಿಗೆ: ಮೊದಲು ರಿಜಿಸ್ಟರ್

ಇಡೀ ಲೇಖನದಲ್ಲಿ ನಾನು ಹೇಳಬೇಕಾದದ್ದು ಈ ಒಂದು ಮಾತು. ನಮ್ಮದು ಎಷ್ಟು ಎಂದು ಬರೆದಿಡದವನಿಗೆ ಹೆಚ್ಚಿನದು ಯಾವುದು ಎಂದು ಎಂದೂ ತಿಳಿಯುವುದಿಲ್ಲ. ಸಾವಿರಾರು ಪೆಟ್ಟಿಗೆಗಳ ದೊಡ್ಡ ಕಂಪನಿಗಳಲ್ಲಿ ಕಾವಲು ಸಾಧನಗಳು ದಿನವಿಡೀ ಗಾಳಿಯನ್ನು ಕೇಳುತ್ತ, ಕೇಳಿದ್ದನ್ನು ಪಟ್ಟಿಯೊಂದಿಗೆ ಹೋಲಿಸುತ್ತಿರುತ್ತವೆ. ನಾಲ್ಕು ಪೆಟ್ಟಿಗೆಯ ಗಿರಣಿಗೆ ಒಂದು ನೋಟ್ ಪುಸ್ತಕ ಸಾಕು. ಕೆಲಸ ಒಂದೇ.

ಕಾಲಮ್ಮುಗಳು ಹೀಗಿರಲಿ: ಕ್ರಮ ಸಂಖ್ಯೆ, ಇಟ್ಟ ಜಾಗ, ಕಂಪನಿ ಮತ್ತು ಮಾಡೆಲ್, ಪೆಟ್ಟಿಗೆಯ ಯಂತ್ರ ಸಂಖ್ಯೆ, ಅದು ಕೂಗುವ ಹೆಸರು, ಚಾನೆಲ್, ಬೀಗದ ಬಗೆ, ಯಾವ ಗೋಡೆ ಸಾಕೆಟ್ಟಿಗೆ ಸೇರಿದೆ, ಹಚ್ಚಿದ ದಿನಾಂಕ, ಹಚ್ಚಿದವರ ಸಹಿ. ಸ್ವಂತ ದುಡ್ಡಿನ ಪೆಟ್ಟಿಗೆಯಾದರೂ ಏರಿಸಬೇಕು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ನಂತರ ತಿಂಗಳಿಗೊಮ್ಮೆ ಸುತ್ತು. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಬಗೆಯ ಉಚಿತ ಆಪ್‌ಗಳಿವೆ. ಅವು ಹೆಸರಿನ ಜೊತೆ ಯಂತ್ರ ಸಂಖ್ಯೆ, ಚಾನೆಲ್, ಬೀಗ, ಸಿಗ್ನಲ್ ಬಲವನ್ನೂ ತೋರಿಸುತ್ತವೆ. ಬಲವನ್ನು ಮೈನಸ್ ಸಂಖ್ಯೆಯಲ್ಲಿ ಬರೆಯುತ್ತಾರೆ: ಮೈನಸ್ 40 ಎಂದರೆ ಹತ್ತಿರ, ಮೈನಸ್ 80 ಎಂದರೆ ದೂರ. ಕೋಣೆ ಕೋಣೆ ನಡೆಯುತ್ತ ರಿಜಿಸ್ಟರಿನಲ್ಲಿಲ್ಲದ ಸಂಖ್ಯೆ ಎಲ್ಲಿ ಜೋರಾಗುತ್ತದೆ ಎಂದು ನೋಡುತ್ತ ಹೋದರೆ ಪೆಟ್ಟಿಗೆ ಇರುವ ಜಾಗಕ್ಕೆ ಬಂದು ನಿಲ್ಲುತ್ತೀರಿ. 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಹಳೆಯ ಫೋನಿಗೆ 5 ಗಿಗಾಹರ್ಟ್ಸ್ ಪೆಟ್ಟಿಗೆ ಕಾಣುವುದಿಲ್ಲ ಎಂಬುದು ನೆನಪಿರಲಿ.

ಸುಮ್ಮನೆ ಗಾಬರಿಯಾಗದಂತೆ ಎರಡು ಮಾತು. ಒಂದು ಪೆಟ್ಟಿಗೆ ಎರಡು ಬ್ಯಾಂಡ್, ಎರಡು ಮೂರು ಹೆಸರು ಹಂಚುತ್ತಿದ್ದರೆ ಪ್ರತಿಯೊಂದಕ್ಕೂ ಸ್ವಲ್ಪ ಬೇರೆ ಯಂತ್ರ ಸಂಖ್ಯೆ ಇರುತ್ತದೆ, ಅದು ಸಹಜ. ಇನ್ನೊಂದು, ಯಂತ್ರ ಸಂಖ್ಯೆಯನ್ನೂ ನಕಲು ಮಾಡಬಹುದು. ಆದ್ದರಿಂದ ಸಂಖ್ಯೆ ಹೊಂದಿದರೂ ಚಾನೆಲ್ ಬೇರೆ, ಬೀಗ ಬೇರೆ, ಅಥವಾ ಅದೇ ಸಂಖ್ಯೆ ಒಂದೇ ಹೊತ್ತಿಗೆ ಎರಡು ಚಾನೆಲ್ಲಿನಲ್ಲಿ ಕಂಡರೆ ಅನುಮಾನಿಸಬೇಕು.

ತಂತಿಯ ಕಡೆಯ ಪರೀಕ್ಷೆ ಬೇರೆ. ಸ್ವಿಚ್ ಎಂಬ ಹಂಚಿಕೆ ಪೆಟ್ಟಿಗೆಯಲ್ಲಿ ಯಾವ ಸಾಕೆಟ್ಟಿನಿಂದ ಯಾವ ಯಂತ್ರ ಸಂಖ್ಯೆ ಬರುತ್ತಿದೆ ಎಂದು ಟೆಕ್ನಿಷಿಯನ್ ನೋಡಬಲ್ಲರು. ಒಂದು ಕಂಪ್ಯೂಟರ್ ಇರಬೇಕಾದ ಸಾಕೆಟ್ಟಿನಲ್ಲಿ ಐದು ಸಂಖ್ಯೆ ಕಂಡರೆ ನಡುವೆ ಏನೋ ಇದೆ. ರೌಟರಾದರೆ ತನ್ನ ಹಿಂದಿನವರನ್ನು ಮುಚ್ಚಿ ಒಂದೇ ಸಂಖ್ಯೆ ತೋರಿಸಬಹುದು. ಆಗ ಆ ಸಂಖ್ಯೆಯ ಮೊದಲ ಅರ್ಧ ರೌಟರ್ ಕಂಪನಿಯದೇ ಎಂದು ನೋಡಬೇಕು. ಅನೇಕ ಪೆಟ್ಟಿಗೆಗಳಲ್ಲಿ ತಂತಿಯ ಕಡೆಯ ಸಂಖ್ಯೆ ಮತ್ತು ಗಾಳಿಯ ಕಡೆಯ ಸಂಖ್ಯೆ ಅಕ್ಕಪಕ್ಕದವೇ ಆಗಿರುತ್ತವೆ. ಎರಡೂ ಕಡೆ ಅಂಥ ಜೋಡಿ ಸಿಕ್ಕರೆ ಆ ಪೆಟ್ಟಿಗೆ ನಮ್ಮ ತಂತಿಯಲ್ಲಿದೆ ಎನ್ನಲು ಬಲವಾದ ಆಧಾರ. ಆಫೀಸಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಒಂದೇ ಇರಬೇಕಾದಲ್ಲಿ ಎರಡನೆಯದು ಎದ್ದರೆ, ನನ್ನ ರೌಟರಿನಂಥದ್ದು ಎಲ್ಲೋ ಇದೆ ಎಂದೇ ತಿಳಿಯಿರಿ.

ಬರದಂತೆ ತಡೆಯಲು: ಬಳಸದ ಗೋಡೆ ಸಾಕೆಟ್ಟುಗಳನ್ನು ಸ್ವಿಚ್ಚಿನಲ್ಲಿ ಬಂದ್ ಮಾಡಿಸಿ. ಅತಿಥಿಗಳ ವೈಫೈ ಬೇರೆ, ಲೆಕ್ಕಪತ್ರದ ನೆಟ್‌ವರ್ಕ್ ಬೇರೆ ಇರಲಿ. ಹೊಸ ಪೆಟ್ಟಿಗೆ ಕೊಳ್ಳುವಾಗ 2018ರಲ್ಲಿ ಬಂದ ಡಬ್ಲ್ಯುಪಿಎ3 ಬೀಗ ಇರುವುದನ್ನೇ ಕೊಳ್ಳಿ. ನಕಲಿ 'ಸಂಪರ್ಕ ಬಿಡು' ಸಂದೇಶ ತಡೆಯುವ ರಕ್ಷಣೆ ಅದರಲ್ಲಿ ಕಡ್ಡಾಯ. ಎಲ್ಲಕ್ಕಿಂತ ಮುಖ್ಯವಾಗಿ, ಮೂಲೆಯ ಕೋಣೆಗೆ ವೈಫೈ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಕಿವಿಗೊಡಿ. ನಮ್ಮಲ್ಲಿ ಕಿವಿಗೊಟ್ಟಿದ್ದರೆ ನಾನು ಅಂಗಡಿಗೆ ಹೋಗುತ್ತಿರಲಿಲ್ಲ.

ಸಿಕ್ಕರೆ ಏನು ಮಾಡಬೇಕು

ಮೊದಲು ಬರೆದಿಡಿ: ದಿನಾಂಕ, ಸಮಯ, ಜಾಗ, ಹೆಸರು, ಯಂತ್ರ ಸಂಖ್ಯೆ. ಫೋಟೋ ತೆಗೆಯಿರಿ. ನಮ್ಮ ತಂತಿಗೆ ಸೇರಿದ್ದರೆ ನೆಟ್‌ವರ್ಕ್ ತಂತಿಯನ್ನು ಬಿಡಿಸಿ, ಪೆಟ್ಟಿಗೆಯನ್ನು ಮಾತ್ರ ಹಾಗೆಯೇ ಇಡಿ. ರೀಸೆಟ್ ಗುಂಡಿ ಒತ್ತಿದರೆ ಸಾಕ್ಷಿ ಅಳಿಸಿದಂತೆ.

ಅದಕ್ಕೆ ಸೇರಿ ಪಾಸ್‌ವರ್ಡ್ ಕೊಟ್ಟವರು ಬೇರೆ ಸಂಪರ್ಕದಿಂದ, ಮೊಬೈಲ್ ಡೇಟಾದಿಂದ, ಕೂಡಲೇ ಬದಲಿಸಬೇಕು. ಅದೇ ಪಾಸ್‌ವರ್ಡ್ ಬೇರೆಡೆ ಇಟ್ಟಿದ್ದರೆ ಅಲ್ಲಿಯೂ.

ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಕಂಪನಿಗಳಿಗೆ ಇನ್ನೊಂದು ಹೊಣೆ ಇದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಅದರ ಪಟ್ಟಿಯಲ್ಲಿ ವೈರ್‌ಲೆಸ್ ನೆಟ್‌ವರ್ಕ್ ಮೇಲಿನ ದಾಳಿಯೂ ಇದೆ.

ಮಾಡಬಾರದ್ದು: ಅನುಮಾನದ ವೈಫೈಯನ್ನು ನಾವೇ ಜಾಮ್ ಮಾಡುವುದು, ಸಂಪರ್ಕ ಕಡಿಯುವುದು. ಅದು ಪಕ್ಕದವರದ್ದಾಗಿದ್ದರೆ ತಪ್ಪು ನಮ್ಮದಾಗುತ್ತದೆ. 2014ರಲ್ಲಿ ಅಮೆರಿಕದ ಮ್ಯಾರಿಯಟ್ ಹೋಟೆಲ್ ಸಂಸ್ಥೆ ತನ್ನ ಅತಿಥಿಗಳ ಸ್ವಂತ ಹಾಟ್‌ಸ್ಪಾಟ್ ಕಡಿಯುತ್ತಿದ್ದುದಕ್ಕೆ ಅಲ್ಲಿನ ಸಂಪರ್ಕ ಆಯೋಗಕ್ಕೆ 6 ಲಕ್ಷ ಡಾಲರ್ ದಂಡ ಕಟ್ಟಿತು.

ಇನ್ನೊಂದು ಮಾತು ಮೇಲಿನವರಿಗೆ. ತಪ್ಪು ಮಾಡಿದವನು ತಾನಾಗಿ ಬಂದು ಹೇಳಿದರೆ ಬೈಯಬೇಡಿ. ಆ ಒಂದೂವರೆ ದಿನದಲ್ಲಿ ಮೊದಲ ಅರ್ಧ ದಿನ ನಾನು ಬಾಯಿ ಬಿಡಲಿಲ್ಲ. ನನ್ನ ರೌಟರೇ ಇರಬಹುದು ಎಂದು ಅನ್ನಿಸಿದ್ದರೂ ಹೆದರಿ ಸುಮ್ಮನಿದ್ದೆ. ಹೇಳಿದ್ದರೆ ಸಂಬಳದ ಬಿಲ್ ಆ ದಿನವೇ ಹೋಗುತ್ತಿತ್ತು.

ಗದ್ವಾಲದ ಅಂಗಡಿಯ ಮಾತು

ಕೊನೆಗೆ ಗದ್ವಾಲದ ಸದಸ್ಯರ ಅಂಗಡಿಗೆ ಹೋಗಿ ಫೋನ್ ಹಿಡಿದು ನಡೆದೆವು. ಬೀಗವಿಲ್ಲದ ಹೆಸರು ಗೋದಾಮಿನ ಅಟ್ಟದ ಮೇಲೆ ಜೋರಾಯಿತು. ಸಿಗ್ನಲ್ ಹೆಚ್ಚಿಸಲು ಯಾವುದೋ ಹುಡುಗನಿಂದ ಹಚ್ಚಿಸಿದ್ದ ಚಿಕ್ಕ ಪೆಟ್ಟಿಗೆ. ಅಂಗಡಿಯ ಹೆಸರಿಟ್ಟು, ಪಾಸ್‌ವರ್ಡ್ ಇಡುವುದನ್ನು ಮರೆತು ಹೋಗಿದ್ದ. ಕಳ್ಳ ಯಾರೂ ಇರಲಿಲ್ಲ, ಆದರೆ ಬಾಗಿಲು ತೆರೆದೇ ಇತ್ತು. ಅದಕ್ಕೆ ಬೀಗ ಹಾಕಿಸಿದೆವು. ಅವರ ಮಗಳು ಅವತ್ತೇ ಒಂದು ನೋಟ್ ಪುಸ್ತಕಕ್ಕೆ ಗೆರೆ ಹಾಕಿ ರಿಜಿಸ್ಟರ್ ಶುರು ಮಾಡಿದಳು. ಒಟ್ಟು ಪೆಟ್ಟಿಗೆ ಮೂರು. ಮೂರನೆಯದರ ವಿಷಯ ಅಪ್ಪನಿಗೂ ಗೊತ್ತಿರಲಿಲ್ಲ.

ಸದಸ್ಯರು ತಮ್ಮ ಅಂಗಡಿ, ಆಫೀಸು, ಶಾಲೆಯ ಪೆಟ್ಟಿಗೆಗಳನ್ನು ಈ ವಾರ ಒಮ್ಮೆ ಎಣಿಸಿ ನೋಡಿ. ಸಂದೇಹವಿದ್ದರೆ ಮುಂದಿನ ಮಾಸಿಕ ಸಭೆಗೆ ಅರ್ಧ ಗಂಟೆ ಮುಂಚೆ ಫೋನ್ ಸಮೇತ ಬನ್ನಿ, ಕೂತು ನೋಡೋಣ. ಪಾಸ್‌ವರ್ಡನ್ನು ಮಾತ್ರ ನನಗೂ ಹೇಳಬೇಡಿ.


ಕಾರ್ಯದರ್ಶಿ